ಹೊಗೆ ಬಿಯರಿನ ಎರಡನೇ ಗ್ಲಾಸು

ನಾನು ಯಾವ ಊರಿಗೆ ಕೆಲಸಕ್ಕೆ ಹೋದರೂ ನಗೆಪಾಟಲಿನ ಸಂಗತಿಯೊಂದು ನನಗಿಂತ ಮೊದಲಿನ ಬಸ್ಸಿಗೇ ಹೋಗಿ, ಟವಲ್ ಹಾಕಿ ಸೀಟು ಹಿಡಿದು ಕೂತಿರುತ್ತದೆ. ಏಳನೇ ಕ್ಲಾಸಿಗೆ ಸಾಲಿ ಬಿಟ್ಟವ ನಾನು. ಸಂಡೂರಿನಲ್ಲಿ ಅದಿರು ಲಾರಿಗೆ ಕ್ಲೀನರ್ ಆಗಿದ್ದೆ. ಕಂಪ್ಲಿಯ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊತ್ತೆ. ಹಂಪಿಯಲ್ಲಿ ಹರಿಗೋಲಿಗೆ ಜನ ಕರೆದೆ. ಎಲ್ಲಿಯೂ ದೀಪಾವಳಿ ಮಾಡಿದ ಕಡೆ ಯುಗಾದಿ ಮಾಡಿದವನಲ್ಲ. ಮರಿಯಮ್ಮನಹಳ್ಳಿಯಲ್ಲಿರುವ ನಮ್ಮಕ್ಕ ಇದನ್ನು ನೋಡಿ ನೋಡಿ ಒಂದು ಮಾತು ಕಟ್ಟಿಬಿಟ್ಟಿದ್ದಳು: "ನೀ ಒಂದ ಕಡಿ ಕುಂತ ದಿನ ಹಂಪಿ ಕಲ್ಲಿನ ರಥ ತಾನಾಗೇ ಉರುಳತೈತಿ ನೋಡಲೇ."

ಅಂಥವನಿಗೂ ಒಂದು ಕಡೆ ಕೂಡುವ ಆಸೆ ಬಂತು. ಬಂದದ್ದಾದರೂ ಎಲ್ಲಿ? ಬಿಯರ್ ಕಾಯಿಸುವ ಕೋಣೆಯಲ್ಲಿ.

ಮೇಷ್ಟ್ರು ಮತ್ತು ಸಾವ್ಕಾರ್ರು

ಹೊಸಪೇಟೆಯ ಬೈಪಾಸಿನ ಹತ್ತಿರ ಒಂದು ಹೋಟೆಲು. ಎದುರಿಗೆ ಹಗಲೂ ರಾತ್ರಿ ಲಾರಿ, ಹಿಂದೆ ಕಾಲುವೆ, ಕಾಲುವೆಯಾಚೆ ಬಾಳೆತೋಟ. ಸಾವ್ಕಾರ್ರು ಲಾರಿಯಲ್ಲಿ ದುಡಿದವರು. ಹಂಪಿ ನೋಡಲು ಬರುವ ಜನ ಬಂದಿಳಿಯಲಿ ಅಂತ ಹೋಟೆಲು ಕಟ್ಟಿಸಿ, ಅದರೊಳಗೇ ಬಿಯರ್ ತಯಾರಿಸುವ ತಾಮ್ರದ ಹಂಡೆಗಳನ್ನೂ ಇಡಿಸಿದ್ದರು. ಹಂಡೆ ನೋಡಿಕೊಳ್ಳಲು ಮೈಸೂರು ಕಡೆಯ ಒಬ್ಬರು ಬಂದಿದ್ದರು. ಬಿಯರ್ ಮಾಡುವುದನ್ನು ಸ್ಕಾಟ್ಲೆಂಡಿಗೆ ಹೋಗಿ ಕಲಿತವರು. ಅವರ ಹುದ್ದೆಯ ಇಂಗ್ಲಿಷ್ ಹೆಸರು ಯಾರಿಗೂ ಬಾಯಿಗೆ ಬರದೆ ಎಲ್ಲರೂ ಮೇಷ್ಟ್ರು ಅಂತಿದ್ದರು. ಮೇಷ್ಟ್ರ ಹೊಡೆತಕ್ಕೆ ಹೆದರಿ ಸಾಲಿ ಬಿಟ್ಟವ ನಾನು, ಮತ್ತೆ ಒಬ್ಬ ಮೇಷ್ಟ್ರ ಕೈಕೆಳಗೇ ಬಂದು ಬಿದ್ದೆ. ಕಾಳಿನ ಚೀಲ ಹೊರುವುದು, ಹಂಡೆ ತಿಕ್ಕುವುದು ನನ್ನ ಕೆಲಸ.

ಬೆಳಗಿನ ಹೊತ್ತು ಅವರು ಬಾರ್ಲಿ ಕಾಳನ್ನು ಬಿಸಿನೀರಲ್ಲಿ ನೆನೆಸಿದರೆ ಕೋಣೆ ತುಂಬ ಒಂದು ಬೆಚ್ಚನೆಯ ವಾಸನೆ ಏಳುತ್ತಿತ್ತು. ಅಂಬಲಿ ಕುದಿಯುವಾಗಿನ ಥರ, ಅದಕ್ಕೆ ಯಾರೋ ಜೇನು ಬಿಟ್ಟ ಥರ. ನಾನು ಖಾಲಿ ಚೀಲಗಳ ಮೇಲೆ ಅಡ್ಡಾಗುತ್ತಿದ್ದೆ. ಕಿಟಕಿಯಿಂದ ಕಾಲುವೆಯ ಬೆಳಕು ಬಂದು ಛಾವಣಿಯ ಮೇಲೆ ಅಲೆ ಅಲೆಯಾಗಿ ಆಡುತ್ತಿತ್ತು. ಹೊರಗೆ ಲಾರಿ ಹಾರ್ನ್ ಹೊಡೆದರೆ, ಯಾವತ್ತೂ ಎದ್ದು ಓಡುತ್ತಿದ್ದ ನನ್ನ ಕಾಲು, ಮೊದಲನೇ ಸಲ, ಅಲ್ಲಾಡಲಿಲ್ಲ.

ಮೇಷ್ಟ್ರು ಮೊದಲು ಮಾಡಿದ್ದು ಸ್ಕಾಚ್ ಏಲ್ ಅಂತ. ವಿಸ್ಕಿಯಲ್ಲ, ಬಿಯರೇ. ಆದರೆ ಮಾಮೂಲಿ ಬಿಯರಿನ ಎರಡರಷ್ಟು ಗಟ್ಟಿ, ಬಣ್ಣ ಹಳೇ ಬೆಲ್ಲದ್ದು. ಸ್ಕಾಟ್ಲೆಂಡಿನಲ್ಲಿ ಜೌಗು ನೆಲದ ಮಣ್ಣನ್ನೇ ಕಡಿದು ಒಣಗಿಸಿ, ನಾವು ಕುಳ್ಳು ಸುಡುವ ಹಾಗೆ ಸುಟ್ಟು, ಆ ಹೊಗೆಯಲ್ಲಿ ಕಾಳು ಒಣಗಿಸುತ್ತಾರಂತೆ. ಆ ಹೊಗೆ ಬಿಯರಿನ ತನಕ ಜೊತೆಗೇ ಬರುತ್ತದೆ. ನಾನು ಮೊದಲ ಗುಟುಕು ಕುಡಿದಾಗ ಪಾಕ ತಳ ಹಿಡಿಯುವುದಕ್ಕೆ ಚೂರು ಮುಂಚಿನ ಸಿಹಿ ಬಂತು. ಆಮೇಲೆ ರೊಟ್ಟಿಯ ಸುಟ್ಟ ಅಂಚಿನ ಕಹಿ. ನುಂಗಿ ಸುಮ್ಮನಾದ ಮೇಲೆ, ಮೂಗಿನ ಹಿಂದಿನ ಬಾಗಿಲಿಂದ ನಿಧಾನಕ್ಕೆ ಹೊಗೆ ಬಂದು ಕೂತಿತು. ಕಣ್ಣು ತಾವಾಗೇ ಮುಚ್ಚಿದವು.

"ಎಲ್ಲಿಗೆ ಹೋಗಿದ್ರಿ?" ಅಂದರು ಮೇಷ್ಟ್ರು, ನಾನು ಕಣ್ಣು ಬಿಟ್ಟಾಗ.

"ಎಲ್ಲಿಗೂ ಹೋಗಿಲ್ರಿ. ಅದ ಖುಷಿ ನೋಡ್ರಿ."

ಸಾವ್ಕಾರ್ರು ಮಾತ್ರ ಮೂಸಿ ಮುಖ ಕಿವುಚಿದರು. "ಏನ್ರಿ ಮೇಷ್ಟ್ರ, ತಳ ಹಿಡಿಸೀರಲ್ರೀ! ಹೊಗಿ ಹಿಡದ ಹಾಲು ನಮ್ಮ ಮನ್ಯಾಗ ಬೆಕ್ಕೂ ಮುಟ್ಟಂಗಿಲ್ಲ. ಇದನ್ನ ರೊಕ್ಕ ಕೊಟ್ಟು ಕುಡಿತಾರ?"

ಮೇಷ್ಟ್ರು ವಾದಿಸಿದರು. ಕೊನೆಗೆ ಸಾವ್ಕಾರ್ರು ಒಂದು ಷರತ್ತು ಹಾಕಿದರು. "ಅಮಾಸಿ ತನಕ ಟೈಮ್ ಕೊಡತೀನಿ. ನಮ್ಮ ಕಡಿ ಮನುಷ್ಯಾ ಒಬ್ಬ, ಒಬ್ಬನರ, ಇದನ್ನ ಕುಡದು ತಾನಾಗೇ ಇನ್ನೊಂದು ಗ್ಲಾಸ್ ಕೇಳಬೇಕು. ಕೇಳಿದ್ರ ಈ ಬಿಯರ್ ಇರತೈತಿ, ನೀವೂ ಇರತೀರಿ, ಇವನೂ ಇರತಾನ. ಕೇಳಲಿಲ್ಲಂದ್ರ ಬಿಯರ್ ಗಟಾರಕ್ಕ, ನೀವು ಮೈಸೂರಿಗೆ, ಇವ ಲಾರಿಗೆ."

ಬಿಯರನ್ನು ಹೋಟೆಲಿನಿಂದ ಹೊರಗೆ ಒಯ್ಯಲು ಸರ್ಕಾರದ ಪರವಾನಗಿ ಇಲ್ಲ. ಹಾಗಾಗಿ ಜನರನ್ನೇ ಬಿಯರಿನ ಹತ್ತಿರ ಕರೆತರಬೇಕು. ಊರೂರು ತಿರುಗಿದ ನನಗೆ ಪರಿಚಯದವರಿಗೇನು ಬರವೇ? ಆಗಲಿ ಅಂದೆ. ಮೇಷ್ಟ್ರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು ತಮ್ಮ ವಿದ್ಯೆಯ ನಿಯಮ ಹೇಳಿಕೊಟ್ಟರು. "ರುಚಿ ನೋಡೋರ ಮುಂದೆ ಬಾಯಿ ಬಿಡಬಾರದು. ಚೆನ್ನಾಗಿದೆ ಅನ್ನಬಾರದು. ತಗೊಳ್ಳಿ ತಗೊಳ್ಳಿ ಅಂತ ಬಲವಂತ ಅಂತೂ ಕೂಡದು. ಅವರು ಸಾಕು ಅಂದ್ರೆ ಸಾಕು. ಗ್ಲಾಸ್ ಎತ್ತಿಬಿಡಿ. ನಾಲಿಗೆ ಸುಳ್ಳು ಹೇಳಬಾರದು ಅಂದ್ರೆ ನಾವು ಸುಮ್ಮನಿರಬೇಕು."

ಬಾಯಿ ಮೇಲೆ ಬೆರಳಿಟ್ಟುಕೊಂಡು ಹೊರಟೆ.

ಘಟ್ಟ ಇಳಿದ ಕುರ್ಚಿ

ಮೊದಲು ಕರೆತಂದದ್ದು ನಮ್ಮ ಹಳೇ ಉಸ್ತಾದನನ್ನು. ಸಂಡೂರಿನ ಲಾರಿ ಡ್ರೈವರ್. ಅವನ ಪಕ್ಕದಲ್ಲೇ ನಾನು ಕ್ಲೀನರ್ ಆಗಿ ಕೂತು ಮೀಸೆ ಬೆಳೆಸಿದ್ದು. ಲಾರಿಗೆ ರಜೆ ಇದ್ದ ದಿನ ನೋಡಿ ಬಸ್ಸಿಗೆ ಹತ್ತಿಸಿ ತಂದೆ.

ಗ್ಲಾಸು ಮುಂದಿಟ್ಟೆವು. ಮೂಗಿನ ಹತ್ತಿರ ತಂದವನೇ ಹಿಂದಕ್ಕೆ ಸರಿದ.

"ಯಾರದಲೇ ಇದು, ಬ್ರೇಕ್ ಲೈನರ್ ಸುಟ್ಟೈತಲ್ಲ!"

ನಾನು ಮಾತಾಡಲಿಲ್ಲ. ಅವನು ಒಂದು ಗುಟುಕು ಕುಡಿದ. ಇನ್ನೊಂದು ಕುಡಿದ. ಕೆಂಪು ಮಣ್ಣು ಕೂತು ಕೂತು ಕೆಂಪಾಗೇ ಉಳಿದ ಅವನ ರೆಪ್ಪೆಗಳು ಮೆಲ್ಲಗೆ ಇಳಿದವು. ಗ್ಲಾಸು ಖಾಲಿಯಾಗುವ ಹೊತ್ತಿಗೆ ಅವನ ಬಲಗಾಲು ನೆಲವನ್ನು ಒತ್ತಿ ಒತ್ತಿ ಬಿಡುತ್ತಿತ್ತು. ಎರಡೂ ಕೈ ಗಾಳಿಯಲ್ಲಿ ಎದ್ದು, ಕಾಣದ ಸ್ಟೇರಿಂಗ್ ಹಿಡಿದವು. ಕುರ್ಚಿ ಸಂಡೂರಿನ ಘಟ್ಟ ಇಳಿಯತೊಡಗಿತು. ತಿರುವು ಬಂದಲ್ಲಿ ಅವನು ವಾಲಿದ. ನಾನೂ, ದೇವರಾಣೆಗೂ, ವಾಲಿದೆ.

"ಲೇ, ಎಡಕ್ಕ ನೋಡಲೇ. ಜಾಗ ಐತೇನು?"

ಮೇಷ್ಟ್ರ ನಿಯಮ ನನಗೆ ಗೊತ್ತು. ಆದರೆ ಹಳೇ ಚಾಳಿ ನಿಯಮಕ್ಕಿಂತ ದೊಡ್ಡದು. ಎದ್ದವನೇ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಬಾಗಿಲ ತಗಡು ಬಡಿದಂತೆ ಗೋಡೆ ಬಡಿಯುತ್ತ ಕೂಗಿದೆ. "ಬರ್ಲಿ... ಬರ್ಲಿ... ಹಾಂ, ಚೂರು ಬಲಕ್ಕ... ಬರ್ಲಿ... ಹೋಲ್ಡ್!"

ಇದೇ ಹೊತ್ತಿಗೆ ಸಾವ್ಕಾರ್ರು ಒಳಗೆ ಬಂದರು. ಒಬ್ಬ ಕುರ್ಚಿ ಓಡಿಸುತ್ತಿದ್ದಾನೆ, ಒಬ್ಬ ಅದನ್ನು ರಿವರ್ಸ್ ತೆಗೆಸುತ್ತಿದ್ದಾನೆ, ಮೇಷ್ಟ್ರು ದಾರಿ ಬಿಟ್ಟು ಗೋಡೆಗೆ ಆತು ನಿಂತಿದ್ದಾರೆ. ಸಾವ್ಕಾರ್ರೂ ಹುಟ್ಟಾ ಲಾರಿಯವರೇ ಅಲ್ಲವೇ? ಗಾಬರಿಯಲ್ಲಿ ಅವರೂ ಎರಡು ಹೆಜ್ಜೆ ಬದಿಗೆ ಸರಿದು ನಿಂತರು.

ಉಸ್ತಾದ ಕೈಬ್ರೇಕ್ ಎಳೆದು ಕಣ್ಣು ಬಿಟ್ಟ. "ಎಲ್ಲಿಗೆ ಬಂದ್ವಿ?"

"ಹೊಸಪೇಟಿ."

"ಇಷ್ಟ ಜಲ್ದಿ!" ಖಾಲಿ ಗ್ಲಾಸು ನೋಡಿದ. ಒಳಗೆ ಬೆರಳು ಹಾಕಿ ನೊರೆ ಬಳಿದು ನೆಕ್ಕಿದ. ನನ್ನ ಮುಖ ನೋಡಿದ. ನಾನು ಸುಮ್ಮನೆ ನಿಂತಿದ್ದೆ. ಮತ್ತೊಮ್ಮೆ ನೋಡಿ ಮೆಲ್ಲಗೆ ಅಂದ, "ಸಾಕಪಾ. ಆತು."

ಸಾಕು ಅಂದರೆ ಸಾಕು. ಗ್ಲಾಸು ಎತ್ತಿಬಿಟ್ಟೆ.

ಮುಖ ಸಣ್ಣಗೆ ಮಾಡಿಕೊಂಡು ಎದ್ದ. ಬಾಗಿಲ ತನಕ ಹೋದವನು ಏನೋ ನೆನಪಾದಂತೆ ತಿರುಗಿ ಬಂದು, ಕುರ್ಚಿಯ ಸುತ್ತ ಒಂದು ಸುತ್ತು ಹಾಕಿ, ನಾಲ್ಕೂ ಕಾಲಿಗೆ ಒಂದೊಂದು ಒದೆ ಕೊಟ್ಟು ಗಾಳಿ ನೋಡಿ ಹೋದ.

ಕಂಪ್ಲಿಗೆ ಬಿದ್ದ ಬೆಂಕಿ

ಎರಡನೆಯವರು ಕಂಪ್ಲಿಯ ಅಕ್ಕಿ ಮಿಲ್ಲಿನ ಯಜಮಾನ್ರು. ಅವರ ಮಿಲ್ಲಿನಲ್ಲೇ ನಾನು ಚೀಲ ಹೊತ್ತದ್ದು. ಬಿಳಿ ಅಂಗಿ, ಬಿಳಿ ಪಂಚೆ, ತಿಂದುಂಡು ರುಚಿ ಬಲ್ಲ ಜೀವ. ಇವರು ಕೇಳದಿದ್ದರೆ ಇನ್ನು ಯಾರು ಕೇಳುತ್ತಾರೆ ಅಂತ ಅವರ ಕಾರಿನಲ್ಲೇ, ಅವರ ಡ್ರೈವರ್ ಜೊತೆಗೇ ಕರೆತಂದೆ. ದಾರಿಯುದ್ದಕ್ಕೂ ಗದ್ದೆಗಳು ಸಂಜೆ ಬಿಸಿಲಲ್ಲಿ ಹಸಿರು ನಿದ್ದೆ ಮಾಡುತ್ತಿದ್ದವು.

ಒಂದು ಗುಟುಕು ಕುಡಿದರು. ಕಣ್ಣು ಅರ್ಧ ಮುಚ್ಚಿತು. ಆಹಾ ಅನ್ನುತ್ತಾರೆ ಅಂತ ನಾವು ಕಾದೆವು. ಅವರು ಫೋನು ತೆಗೆದರು.

"ಲೇ, ಬಾಯ್ಲರ್ ನೋಡಲೇ. ಹೊಟ್ಟು ಹೊತ್ತಿದ್ದ ವಾಸನಿ ಬರಾಕ ಹತ್ತೈತಿ."

ಮಿಲ್ಲಿನವನು ಏನೂ ಇಲ್ಲ ಅಂದನಂತೆ. ಸಮಾಧಾನವಾಗಿ ಇನ್ನೊಂದು ಗುಟುಕು. ಈ ಸಲದ್ದು ದೊಡ್ಡದು, ಹೊಗೆಯೂ ದೊಡ್ಡದೇ ಬಂದಿರಬೇಕು. ಮತ್ತೆ ಫೋನು. "ಬಾಯ್ಲರ್ ಹಿಂದ ನೋಡಿದೇನು? ಹೊಟ್ಟಿನ ಗುಡ್ಡಿ ಒಳಗ ಕನಕನ ಅಂತಿರತೈತಿ, ಹೊರಗ ಕಾಣಂಗಿಲ್ಲದು. ಮೂಸಿ ನೋಡು."

"ನೀವು ಎಲ್ಲಿದೀರಿ ಯಜಮಾನ್ರ?" ಅಂತ ಅವನು ಕೇಳಿದ್ದು ನಮಗೂ ಕೇಳಿಸಿತು.

"ಹೊಸಪೇಟ್ಯಾಗ."

"ಹೊಸಪೇಟಿ ತನಕ ವಾಸನಿ ಬಂತ್ರೀ?" ಅವನ ದನಿ ನಡುಗಿತು.

ಯಜಮಾನ್ರು ಗ್ಲಾಸಿನಲ್ಲಿ ಉಳಿದದ್ದನ್ನು ಒಂದೇ ಉಸಿರಿಗೆ ಮುಗಿಸಿ, ಹಿಂದಕ್ಕೆ ಒರಗಿ, ತೂಕಡಿಸುತ್ತಾ ಫೋನಿಗೆ ಅಂದರು, "ಬಂತಲೇ... ಭಾಳ ಚೊಲೋ ವಾಸನಿ ಬಂತು... ಸುಟ್ರೂ ಹಿಂಗ ಸುಡಬೇಕು ನೋಡು..."

ಇಷ್ಟು ಕೇಳಿದ ಮೇಲೆ ಮಿಲ್ಲಿನವರು ಸುಮ್ಮನಿರುತ್ತಾರೆಯೇ? ಯಜಮಾನ್ರಿಗೆ ಬುದ್ಧಿಭ್ರಮಣೆ, ಮಿಲ್ಲಿಗೆ ಬೆಂಕಿ, ಎರಡೂ ಒಟ್ಟಿಗೇ ಆಗಿದೆ ಅಂತ ತಿಳಿದು, ಇದ್ದಬದ್ದ ಪೈಪು ಹಚ್ಚಿ ಹೊಟ್ಟಿನ ಗುಡ್ಡೆಗೂ ಬಾಯ್ಲರಿಗೂ ನೀರು ಹೊಡೆದರು.

ಈ ಕಡೆ ಯಜಮಾನ್ರು ಎಚ್ಚೆತ್ತು ಖಾಲಿ ಗ್ಲಾಸು ನೋಡಿದರು. ನಾನು ಜಗ್ಗು ಹಿಡಿದು ಪಕ್ಕದಲ್ಲೇ ಇದ್ದೆ. ಜಗ್ಗು ನೋಡಿದ್ದೇ ಅಂಗೈಯನ್ನು ಗ್ಲಾಸಿನ ಬಾಯಿಗೆ ಮುಚ್ಚಿ, "ಸಾಕು ಸಾಕು, ಬ್ಯಾಡ" ಅಂದರು. ನಾನು ತಲೆಯಾಡಿಸಿ ಜಗ್ಗು ಒಳಗೆ ಒಯ್ದೆ. ಹೊರಗೆ ಬಂದಾಗ ಯಜಮಾನ್ರ ಕೈ ಇನ್ನೂ ಗ್ಲಾಸಿನ ಮೇಲೆಯೇ ಇತ್ತು. ನನ್ನನ್ನು ನೋಡಿದ ನೋಟ ಮಾತ್ರ, ನಾನು ಅವರ ಮಿಲ್ಲು ಬಿಟ್ಟು ಹೋದ ದಿನ ನೋಡಿದ ನೋಟದ ಹಾಗೇ ಇತ್ತು.

ಮರುದಿನ ಹೊಟ್ಟು ತೊಯ್ದು ಬಾಯ್ಲರು ಹೊತ್ತಲೇ ಇಲ್ಲ, ಮಿಲ್ಲು ನಡೆಯಲಿಲ್ಲ. ಯಜಮಾನ್ರು ಕಂಪ್ಲಿ ತುಂಬ ಹೇಳಿಕೊಂಡು ತಿರುಗಿದರಂತೆ: "ಕುಡದಾವ ನಾನು. ಮುಂಜಾನಿ ಏಳಲಾರದ ಮಲಗಿದ್ದು ನನ್ನ ಬಾಯ್ಲರು."

ಹೊಳೆಗೆ ಕೊಡದೆ ಕುಡಿಯದವನು

ಅಮಾವಾಸ್ಯೆ ಹತ್ತಿರ ಬಂತು. ಮೇಷ್ಟ್ರು ತಮ್ಮ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬತೊಡಗಿದರು. ನಾನು ರಾತ್ರಿ ಮಲಗಿದರೆ ಬೈಪಾಸಿನ ಲಾರಿಗಳು ನನ್ನ ಹೆಸರು ಹಿಡಿದು ಹಾರ್ನ್ ಮಾಡಿದಂತೆ ಕೇಳುತ್ತಿತ್ತು. ಬಿಟ್ಟು ಹೋಗಲು ಬೇಸರ ಅನ್ನೋದು ಹೀಗಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಯಾವತ್ತೂ ನಾನೇ ಬಿಟ್ಟು ಹೋದವನು.

ಕೊನೆಗೆ ಹಂಪಿಯ ಮಾಮನನ್ನು ಕರೆತಂದೆ. ಹಿಂದೆ ನಾನು ಜನ ಕರೆದದ್ದು ಇವನ ಹರಿಗೋಲಿಗೇ. ಅದನ್ನು ಹಾಕಿ ಹಾಕಿ ಮುದುಕನಾದವನು. ಬಂಡೆಗಳ ನಡುವೆ ನೀರು ಎಲ್ಲಿ ಸುತ್ತುತ್ತದೆ, ಎಲ್ಲಿ ಮಲಗುತ್ತದೆ ಅನ್ನುವುದೆಲ್ಲ ಬಲ್ಲವನು. ಗ್ಲಾಸು ಕೈಗೆ ಬಂದರೂ ತುಟಿಗೆ ಹಚ್ಚಲಿಲ್ಲ.

"ಗಂಗಿಗೆ ಕೊಡದ ನಾ ಏನೂ ಕುಡ್ಯಂಗಿಲ್ಲ. ಹೊಳಿ ಕಡಿ ನಡೀರಿ."

ಮೇಷ್ಟ್ರು, "ಹೊರಗೆ ಒಯ್ಯೋ ಹಾಗಿಲ್ಲ ಅಜ್ಜಾ, ಕಾನೂನು" ಅಂದರು.

"ಕಾನೂನು ಮೊನ್ನಿಂದು. ಗಂಗವ್ವ ಯಾವಾಗಿಂದೋ."

ಇಬ್ಬರೂ ಪಟ್ಟು ಬಿಡಲಿಲ್ಲ. ಮಾಮ ಗ್ಲಾಸು ಹಿಡಿದು ಹೋಟೆಲು ತುಂಬ ಹೊಳೆ ಹುಡುಕುತ್ತ ನಡೆದ. ಅಂಗಳದಲ್ಲಿ ಸಾವ್ಕಾರ್ರು ಶೋಕಿಗೆ ಕಟ್ಟಿಸಿದ ಕಾರಂಜಿ ತೊಟ್ಟಿ ಇತ್ತು. ಅದರಲ್ಲಿ ಕಿತ್ತಳೆ ಬಣ್ಣದ ಮೀನು.

"ಈ ನೀರು ಎಲ್ಲಿದು?"

"ಕಾಲುವಿದು ಮಾಮಾ."

"ಕಾಲುವಿಗೆ ಎಲ್ಲಿಂದು?"

"ಡ್ಯಾಮಿಂದು."

"ಡ್ಯಾಮಿಗೆ?"

"ಹೊಳಿದು."

"ಹಂಗಾರ ಇದೂ ಗಂಗೀನ ಬಿಡು. ಶಹರಕ್ಕ ಬಂದಾಳ, ಅಷ್ಟ." ಕಣ್ಣಿಗೊತ್ತಿಕೊಂಡು, ಒಂದಿಷ್ಟು ಸುರಿಯುತ್ತಾನೆ ಅಂತ ನೋಡಿದರೆ, ಅರ್ಧ ಗ್ಲಾಸೇ ಸುರಿದ. ಗಂಗೆಯ ಜೊತೆ ಅವನದು ಸಮಪಾಲು.

ಉಳಿದರ್ಧವನ್ನು ತೊಟ್ಟಿಯ ಕಟ್ಟೆ ಮೇಲೆ ಕೂತು ಕುಡಿದ. ಸೂರ್ಯ ಬಾಳೆತೋಟದಾಚೆ ಇಳಿಯುತ್ತಿದ್ದ. ಮಾಮನ ಸೊಂಟ ಮೆಲ್ಲಗೆ ತಿರುಗತೊಡಗಿತು, ಹರಿಗೋಲು ಸುಳಿಗೆ ಸಿಕ್ಕ ಹಾಗೆ. "ತಮ್ಮಾ, ನೀರು ಭಾಳ ತಣ್ಣಗೈತೋ ಇವತ್ತು. ಆ ದಂಡ್ಯಾಗ ಯಾರೋ ಒಲಿ ಹಚ್ಯಾರ. ಹೊಗಿ ನೀರ ಮ್ಯಾಲಿಂದ ನಡಕೊಂತ ಬರಾಕತ್ತೈತಿ ನೋಡು..." ನಿಜ ಹೇಳಬೇಕೆಂದರೆ ನನಗೂ ಕಾಣಿಸಿತು. ಕುಡಿಯದೇ ನಿಂತಿದ್ದ ಮೇಷ್ಟ್ರಿಗೂ ಕಾಣಿಸಿರಬೇಕು, ಅವರು ಕನ್ನಡಕ ಒರೆಸಿಕೊಂಡರು.

ಅಷ್ಟರಲ್ಲಿ ಮಾಮ ಖಾಲಿ ಗ್ಲಾಸನ್ನು ಅಂಗೈಗೆ ಬೋರಲು ಹಾಕಿ, ಕೊನೆಯ ಹನಿ ಬೀಳುವ ತನಕ ಕಾದು, "ಸಾಕು ತಮ್ಮಾ" ಅಂದ. ಹೇಳಿ ನನ್ನ ಮುಖ ನೋಡಿದ. ನಾನು ನಿಯಮದ ಮನುಷ್ಯ. ಗ್ಲಾಸು ಇಸಗೊಂಡೆ.

ತೊಟ್ಟಿಯಲ್ಲಿ ಮೀನುಗಳು ಓರೆಯಾಗಿ, ಆರಾಮಾಗಿ, ಈಜುವುದನ್ನು ಮರೆತು ತೇಲುತ್ತಿದ್ದವು. ಎಲ್ಲಕ್ಕಿಂತ ದಪ್ಪನೆಯದು ಮೇಲೆ ಬಂದು, ಮಾಮ ಸುರಿದ ಜಾಗದಲ್ಲೇ ನಿಂತು, ಬಾಯಿ ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡಿತು. ನಾನು ಓಡಿ ಹೋಗಿ ಸಾವ್ಕಾರ್ರನ್ನು ಕರೆತಂದು ತೋರಿಸಿದೆ.

"ನೋಡ್ರಿ ಸಾವ್ಕಾರ್ರ, ಇನ್ನೊಂದು ಕೇಳಾಕ ಹತ್ತೈತಿ! ತಾನಾಗೇ! ನಮ್ಮ ಕಡೀದ ಐತಿ!"

ಸಾವ್ಕಾರ್ರು ಬಗ್ಗಿ ಬಹಳ ಹೊತ್ತು ನೋಡಿದರು. "ಇದನ್ನ ನಾ ಚೆನ್ನೈಯಿಂದ ತರಿಸೀನಿ. ಲೆಕ್ಕಕ್ಕಿಲ್ಲ."

ಖಾಲಿ ಗ್ಲಾಸಿನ ಪಾಪ

ಅಮಾವಾಸ್ಯೆ ಬಂತು. ತಮ್ಮನ ಕೆಲಸ ಹೋಗುತ್ತದೆ ಅಂತ ಯಾರಿಂದಲೋ ತಿಳಿದು ಮಧ್ಯಾಹ್ನದ ಬಸ್ಸಿಗೆ ಅಕ್ಕನೇ ಬಂದಿಳಿದಳು. ಕೈಯಲ್ಲಿ ಹೋಳಿಗೆಯ ಡಬ್ಬಿ. ಹಂಡೆ ಕೋಣೆಗೆ ಕಾಲಿಟ್ಟವಳೇ ಸೆರಗು ಮೂಗಿಗೆ ಹಿಡಿದಳು.

"ಈ ಹಡಬಿ ಹೊಗಿಗೇನಲೇ ನೀ ಮನಸೋತಿದ್ದು?"

"ಕೆಲಸ ಹೊಂಟತಕ್ಕಾ."

"ಹೋದ್ರ ಹೋತು. ಹೋಗದು ನಿನಗೇನ್ ಹೊಸಾದೇನು?" ಅಂದಳು. ಆಮೇಲೆ ನನ್ನ ಮುಖ ಸರಿಯಾಗಿ ನೋಡಿದಳು. ಅಲ್ಲಿ ಏನು ಕಂಡಿತೋ, ದನಿ ಇಳಿಸಿದಳು. "ಈ ಸಲ ಖರೇವಂದ್ರೂ ಇರಬೇಕಂತ ಐತೇನೋ?"

ನಾನು ತಲೆಯಾಡಿಸಿದೆ. ಅವಳು ಡಬ್ಬಿ ಬಿಚ್ಚಿ ಹೋಳಿಗೆ ಹಂಚತೊಡಗಿದಳು. ಹೊರಗೆ ಗಟಾರದ ಮುಚ್ಚಳ ತೆಗೆಸಿ ಸಾವ್ಕಾರ್ರು ಒಳಗೆ ಬಂದರು. ಅವರ ಕೈಗೂ ಹೋಳಿಗೆ ಬಿತ್ತು.

ಮೇಷ್ಟ್ರು ಕೊನೆಯದಾಗಿ ಒಂದು ಮಾತು ಕೇಳಿದರು. "ಚೆಲ್ಲೋದು ಚೆಲ್ಲಿ ಸಾರ್. ಆದ್ರೆ ನೀವು ಮೂಸಿದೀರಿ ಅಷ್ಟೆ, ಒಂದ್ ಸಲಾನೂ ಕುಡಿದಿಲ್ಲ. ಒಂದು ಗ್ಲಾಸ್ ಕುಡಿದು ಚೆಲ್ಲಿ."

ಹೋಗುವ ಮನುಷ್ಯನ ಮಾತು ಅಂತ ಸಾವ್ಕಾರ್ರು ಒಪ್ಪಿದರು. ಮೂಗು ಬಿಗಿಹಿಡಿದು ಮೊದಲ ಗುಟುಕು. ಎರಡನೆಯದಕ್ಕೆ ಮೂಗು ಬಿಟ್ಟರು. ಮೂರನೆಯದಕ್ಕೆ ಕಣ್ಣು ಮುಚ್ಚಿದರು. ಛಾವಣಿಯ ಮೇಲೆ ಕಾಲುವೆಯ ಬೆಳಕು ಆಡುತ್ತಿತ್ತು.

"ಸಣ್ಣಾವಿದ್ದಾಗ ಉಗಿಬಂಡಿ ಇತ್ತು" ಅಂದರು, ಯಾರಿಗೂ ಅಲ್ಲ. "ಅವ್ವನ ತೊಡಿ ಮ್ಯಾಲೆ ಮಲಗಿ ಹೋಗತಿದ್ದೆ. ಕಿಡಕ್ಯಾಗಿಂದ ಹೊಗಿ ಬರತಿತ್ತು. ಅವ್ವ ಸೆರಗು ಹೊಚ್ಚತಿದ್ಲು. ಸೆರಗಿನಾಗೂ ಹೊಗಿ ವಾಸನಿ, ಒಲಿದು. ಯಾವ ಹೊಗಿ ಯಾವುದು ಗೊತ್ತ ಆಗತಿರಲಿಲ್ಲ..."

ಗ್ಲಾಸು ಖಾಲಿಯಾಯಿತು. ಅವರು ಕಣ್ಣು ಬಿಟ್ಟರು. ಗಂಟಲು ಸರಿಮಾಡಿಕೊಂಡು ಸಾವ್ಕಾರರಾದರು. ಅಂಗೈಯಿಂದ ಗ್ಲಾಸು ಮುಚ್ಚಿ, "ಆತ್ರಿ. ಸಾಕು" ಅಂದರು.

ಮೇಷ್ಟ್ರು ತಲೆ ತಗ್ಗಿಸಿ ಜಗ್ಗು ಎತ್ತಿಕೊಂಡರು. ನಾನು ಗ್ಲಾಸಿಗೆ ಕೈ ಚಾಚಿದೆ.

ಪಟ್ ಅಂತ ನನ್ನ ಕೈ ಮೇಲೆ ಏಟು ಬಿತ್ತು. ಅಕ್ಕ.

"ಏನ್ ಮಂದ್ಯೋ ನೀವು! ಒಂದ ಸಲ ಸಾಕು ಅಂದ್ರ ಎತ್ತಿಗೊಂಡ ಹೊಂಟ್ಬಿಟ್ರಲ್ಲ! ಮನ್ಯಾಗ ಯಾರೂ ಉಣ್ಣಾಕ ನೀಡಿಲ್ಲೇನು ನಿಮಗ?" ಮೇಷ್ಟ್ರ ಕೈಯಿಂದ ಜಗ್ಗು ಕಿತ್ತುಕೊಂಡಳು. ಎಡಗೈಯಲ್ಲಿ ಸೆರಗು ಮೂಗಿಗೆ, ಬಲಗೈಯಲ್ಲಿ ಬಿಯರು. "ಇದನ್ನ ಕುಡ್ಯೋದು ಪಾಪ ಖರೆ. ಖಾಲಿ ಗ್ಲಾಸಿನ ಮುಂದ ಮನುಷ್ಯಾರನ್ನ ಕುಂದ್ರಸೋದು ಅದಕಿಂತ ದೊಡ್ಡ ಪಾಪ. ತಗೋರಿ ಅಣ್ಣಾರ, ಒಂದೀಟ."

"ಬ್ಯಾಡ್ರೆವ್ವಾ, ಸಾಕು."

"ಹಂಗಂದ್ರ ಹೆಂಗ್ರಿ? ನನ್ನ ತಮ್ಮ ಹೊತ್ತ ಕಾಳೈತಿ ಇದರಾಗ."

"ಇಲ್ರಿ, ಹೊಟ್ಟಿ ತುಂಬೈತಿ..."

"ನನ್ನಾಣಿ ಐತಿ ನೋಡ್ರಿ."

ಸಾವ್ಕಾರ್ರ ಅಂಗೈ ಗ್ಲಾಸಿನ ಮೇಲೇ ಇತ್ತು. ಆದರೆ ಬೆರಳುಗಳು, ನಾನು ಕಣ್ಣಾರೆ ಕಂಡೆ, ಒಂದೊಂದಾಗಿ ಬಿಡಿಸಿಕೊಂಡವು. ಅಕ್ಕ ಬೆರಳ ಸಂದಿಯಿಂದಲೇ ಸುರಿದಳು. ಗ್ಲಾಸು ತುಂಬುವ ತನಕ ಸಾವ್ಕಾರ್ರು "ಸಾಕು ಸಾಕು" ಅನ್ನುತ್ತಲೇ ಇದ್ದರು, ಕೈ ಮಾತ್ರ ತೆಗೆಯಲಿಲ್ಲ, ಬೆರಳೂ ಕೂಡಿಸಲಿಲ್ಲ.

ಆಗ ನನ್ನ ತಲೆಗೆ ಹೊಳೆಯಿತು. ಉಸ್ತಾದ ನನ್ನ ಮುಖ ಯಾಕೆ ನೋಡಿದ, ಯಜಮಾನ್ರ ಕೈ ಗ್ಲಾಸಿನ ಮೇಲೇ ಯಾಕೆ ಉಳಿಯಿತು, ಮಾಮ ಯಾಕೆ ಕಾದ. ನಮ್ಮ ಕಡೆ ತಾನಾಗಿ ಎರಡನೆಯದು ಕೇಳುವವನು ಇನ್ನೂ ಹುಟ್ಟಬೇಕು. ಸಾಕು ಅನ್ನುವುದು ಉಣ್ಣುವವನ ಧರ್ಮ, ನೀಡುವುದು ನೀಡುವವರ ಧರ್ಮ. ಸಾಕು ಅಂದರೆ ಸಾಕು ಅನ್ನುವುದು ಮೈಸೂರಿನ ಮೇಷ್ಟ್ರು ಸ್ಕಾಟ್ಲೆಂಡಿನಿಂದ ತಂದ ನಿಯಮ, ಅವರಿಗೆ ಇದು ತಿಳಿಯಲಿಲ್ಲ ಅಂದರೆ ಸರಿ. ನನಗೂ ಯಾಕೆ ತಿಳಿಯಲಿಲ್ಲ? ನಾನು ಢಾಬಾಗಳಲ್ಲಿ ಉಂಡು ಬೆಳೆದವನು. ಅಲ್ಲಿ ಸಾಕು ಅಂದರೆ ತಟ್ಟೆ ಎತ್ತುತ್ತಾರೆ.

ಎರಡನೇ ಗ್ಲಾಸೂ ಮುಗಿಯಿತು. ಮೇಷ್ಟ್ರು ಆಸೆಯಿಂದ, "ಸಾರ್, ಹಾಗಾದ್ರೆ ಷರತ್ತು..." ಅಂದರು.

"ನಾ ಎಲ್ಲಿ ಕೇಳೀನ್ರಿ? ಅಕ್ಕಾರು ಹಾಕಿದ್ರು, ದೊಡ್ಡಾರು, ಇಲ್ಲ ಅನ್ನಾಕ ಬರಲಿಲ್ಲ. ಷರತ್ತು ಷರತ್ತ. ಗಟಾರಕ್ಕ ಹಾಕ್ರಿ" ಅಂದರು ಸಾವ್ಕಾರ್ರು. ಅಂದರೂ ಏಳಲಿಲ್ಲ. ಖಾಲಿ ಗ್ಲಾಸನ್ನು ಒಂದು ಬೆರಳಲ್ಲಿ ಮೇಜಿನ ತುದಿಗೆ ತಳ್ಳಿದರು. ಜಗ್ಗು ನೋಡಿದರು. ನನ್ನ ನೋಡಿದರು. ನಾನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಮೇಷ್ಟ್ರು ಅಭ್ಯಾಸಬಲದಿಂದ ನನ್ನ ಕಾಲು ತುಳಿದರು. ಅಕ್ಕ ಹಿತ್ತಲಿಗೆ ಕೈ ತೊಳೆಯಲು ಹೋಗಿದ್ದಳು.

ಸಾವ್ಕಾರ್ರು ಬಾಗಿಲ ಕಡೆ ಕತ್ತು ಚಾಚಿದರು. "ಅಕ್ಕಾರು ಎಲ್ಲಿ?"

"ಕೈ ತೊಳ್ಯಾಕ ಹೋಗ್ಯಾರ್ರಿ."

"ಕರೀರಿ ಜಲ್ದಿ."

"ಯಾಕ್ರಿ ಸಾವ್ಕಾರ್ರ?"

ಸಾವ್ಕಾರ್ರು ಅಂಗೈಯನ್ನು ಗ್ಲಾಸಿನ ಮೇಲಿಟ್ಟು, ಬೆರಳು ಬಿಡಿಸಿ ತಯಾರಾಗಿ ಕೂತು ಅಂದರು:

"ಒತ್ತಾಯ ಮಾಡಾಕ."

ಮೇಷ್ಟ್ರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಇದು ಕೇಳಿದ ಹಾಗಾ, ಅಲ್ವಾ?"

"ಮೀನಿಗಿಂತ ಸ್ಪಷ್ಟ ಐತ್ರಿ" ಅಂದೆ. ಹೊರಗೆ ಹೋಗಿ ಗಟಾರದ ಮುಚ್ಚಳ ಮುಚ್ಚಿ ಬಂದೆ.

ಹೀಗೆ ನಾನು ಉಳಿದೆ. ಚೀಲ ಹೊರುವುದರ ಜೊತೆಗೆ ಈಗ ಇನ್ನೊಂದು ಕೆಲಸ. ಸಂಜೆಯಾದರೆ ಜಗ್ಗು ಹಿಡಿದು ಮೇಜುಗಳ ನಡುವೆ ನಿಲ್ಲುತ್ತೇನೆ, ಸಾಕು ಅಂದವರ ಬೆರಳು ನೋಡುತ್ತೇನೆ. ಕೂಡಿದ್ದರೆ ಮುಂದಕ್ಕೆ ಹೋಗುತ್ತೇನೆ, ಬಿಡಿಸಿದ್ದರೆ ಸುರಿಯುತ್ತೇನೆ. ಈ ಹುದ್ದೆಗೆ ಮೇಷ್ಟ್ರ ಪುಸ್ತಕದಲ್ಲೂ ಹೆಸರಿಲ್ಲ. ಅಕ್ಕ ಬಸ್ಸು ಹತ್ತುವಾಗ ಹೇಳಿ ಹೋದಳು: "ನಾಳೆ ಹಂಪಿಗೆ ಹೋಗಿ ರಥದ ಗಾಲಿಗೊಂದು ಕಲ್ಲು ಕೊಟ್ಟು ಬಾ. ಉರುಳಿ ಯಾರ ಮ್ಯಾಲರ ಬಂದೀತು."

ಕಲ್ಲು ಕೊಡಲು ಹೋಗಲಿಲ್ಲ. ಅದರ ಬದಲು ಸಂಡೂರಿಗೆ ಫೋನು ಮಾಡಿದೆ.

"ಉಸ್ತಾದ್, ಅವತ್ತು ನಂದ ತಪ್ಪಾತು. ಬಾರಪಾ, ಇನ್ನೊಂದ ಗ್ಲಾಸ್ ಕುಡಿವಂತಿ."

"ಏ ಬ್ಯಾಡಲೇ. ಸಾಕು."

"ಬಾರೋ ಮಾರಾಯಾ."

"ಇಲ್ಲಲೇ, ಭಾಳ ಕೆಲಸೈತಿ."

"ನನ್ನಾಣಿ ಐತಿ ಬಾ."

ಆ ಕಡೆ ಅವನ ಹಿಂದಿನಿಂದ ಸೀಟಿ ಕೇಳಿಸಿತು. ಕಂಡಕ್ಟರನ ಕೂಗು ಕೇಳಿಸಿತು:

"ಯಾರ್ರೀ ಅದು ಫುಟ್‌ಬೋರ್ಡ್ ಮ್ಯಾಲೆ ನಿಂತು ಬ್ಯಾಡ ಬ್ಯಾಡ ಅನ್ನೋರು? ಹೊಸಪೇಟಿಗೆ ಬರೋದಿದ್ರ ಒಳಗ ಬರ್ರಿ!"